ಉಕ್ಕಿದ್ದೆಲ್ಲವೂ ಕಾವ್ಯವೇ?

ವಾಚಕ ಮಹಾಶಯರೇ, ಕಾವ್ಯವೆಂದರೆ ಕವಿಯ ಭಾವವು ತಾನಾಗಿ ಉಕ್ಕಿ ಹರಿಯುವುದು, ಈ ಅರಿವು ನಮಗೆ ಆಂಗ್ಲರಿಂದ ಬಂದಿತು ಎಂಬ ಮಾತನ್ನು ಹೊಸಪೇಟೆ, ಕಂಪ್ಲಿಗಳ ಸಭೆಗಳಲ್ಲಿಯೂ ನೀವು ಕೇಳಿರಬಹುದು. ವರ್ಡ್ಸ್‌ವರ್ತ್ ಕವಿಯು 1800ರ ಪೀಠಿಕೆಯಲ್ಲಿ ಹಾಗೆ ಬರೆದದ್ದು ನಿಜ. ಆದರೆ ದೀರ್ಘಕಾಲ ಆಳವಾಗಿ ಚಿಂತಿಸಿದವನಿಂದಲೇ ಬೆಲೆಯುಳ್ಳ ಕವಿತೆ ಹುಟ್ಟುವುದೆಂದೂ, ಭಾವವನ್ನು ಶಾಂತಚಿತ್ತದಲ್ಲಿ ಮರಳಿ ನೆನೆಯಬೇಕೆಂದೂ ಆತನು ಅಲ್ಲಿಯೇ ಹೇಳಿರುವನಲ್ಲವೇ? ಅರ್ಧವನ್ನೋದಿ ಅರ್ಧವನ್ನು ಬಿಟ್ಟವರು ನಮ್ಮವರು. (ಅವಸರದ ಕವಿಗಳಿಗೆ ಆ ಮೊದಲರ್ಧವೇ ಅನುಕೂಲ!)

ಬಿ.ಎಂ.ಶ್ರೀ. ಅವರ 1926ರ ‘ಇಂಗ್ಲಿಷ್ ಗೀತಗಳು’ ಕನ್ನಡಕ್ಕೆ ಮಾಡಿದ ಉಪಕಾರವನ್ನು ನಾವು ಅಲ್ಲಗಳೆಯೆವು. ಆದರೆ ಅದಕ್ಕೆ ಏಳು ಶತಮಾನಗಳಷ್ಟು ಹಿಂದೆಯೇ ಹಂಪೆಯ ಹರಿಹರನು ವಿರೂಪಾಕ್ಷನ ಸನ್ನಿಧಿಯಲ್ಲಿ ರಗಳೆಯನ್ನು ಹರಿಯಿಸಿದ್ದನು. ಪಾದಗಳಿಗೆ ಇಷ್ಟೇ ಎಂಬ ಸಂಖ್ಯೆಯಿಲ್ಲದ ಆ ಛಂದಸ್ಸು ಭಾವವು ಹರಿದಷ್ಟು ದೂರ ಹರಿಯಿತು. ಅದು ಕಟ್ಟುಪಾಡನ್ನರಿಯದವನ ಸ್ವೇಚ್ಛೆಯೆನ್ನುವವರು ಅದೇ ಕವಿಯ ಚಂಪೂ ಕಾವ್ಯ ‘ಗಿರಿಜಾಕಲ್ಯಾಣ’ವನ್ನು ತೆರೆದು ನೋಡಲಿ.

ಹರಿಹರನನ್ನು ಕನ್ನಡದ ರೊಮ್ಯಾಂಟಿಕ್ ಕವಿಯೆಂದು ಹೊಗಳುವವರಿಗೂ ನಮ್ಮದೊಂದು ಪ್ರಶ್ನೆಯಿದೆ. ಆ ಪಂಥದ ಕವಿಗಳು ಬಹುವಾಗಿ ತಮ್ಮ ಅಂತರಂಗವನ್ನೇ ಹಾಡಿದರು. ಹರಿಹರನು ಹಾಡಿದ್ದು ಬಸವಣ್ಣನನ್ನು, ಶರಣರನ್ನು, ಪುರಾತನರನ್ನು. ಕಣ್ಣು ಕಳೆದುಕೊಂಡ ನಂಬಿಯಣ್ಣನು ಶಿವನಿಗೆ ಮೊರೆಯಿಡುವಲ್ಲಿ ಉಕ್ಕುವ ದುಃಖವು ಯಾರದು? ಕವಿಯದೋ, ಭಕ್ತನದೋ? ಉತ್ತರವನ್ನು ಪೀಠಿಕೆಗಳಲ್ಲಿ ಅರಸದೆ ಆ ರಗಳೆಯನ್ನೇ ಗಟ್ಟಿಯಾಗಿ ಓದಿರಿ.