ಮಟ್ಕಾದವನಿಗೆ ಗೊತ್ತಿರುವ ಲೆಕ್ಕ ಮೇಷ್ಟ್ರಿಗೆ ಬೇಡವೇ?

ನಮ್ಮ ಕಡೆಯ ಪೊಲೀಸ್ ಪ್ರಕಟಣೆಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: 1 ರೂಪಾಯಿಗೆ 80 ರೂಪಾಯಿ ಕೊಡುತ್ತೇನೆಂದು ಕೂಗುತ್ತಾ ಮಟ್ಕಾ ಚೀಟಿ ಬರೆಯುತ್ತಿದ್ದವನ ಬಂಧನ. ಸುದ್ದಿ ಕಳಿಸಿ ಕಳಿಸಿ ನಮಗದು ಬಾಯಿಪಾಠ. ಆ ಸಾಲಿನೊಳಗೇ ಒಂದು ಗಣಿತ ಪಾಠ ಇದೆ ನೋಡಿ. 00ರಿಂದ 99ರವರೆಗೆ 100 ನಂಬರು. ಆಟ ಮೋಸವಿಲ್ಲದೆ ನಡೆದರೂ ನಿಮ್ಮ ನಂಬರು ಬರುವ ಸಂಭವ 100ರಲ್ಲಿ 1. ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದರೆ ಹೋಗೋದು 100, ಬರೋದು 80. ಉಳಿದ 20 ಚೀಟಿಯವನ ಕಡೆಗೆ. ಇದರಲ್ಲಿ ನಸೀಬು ಎಲ್ಲಿದೆ?

ಈ ಲೆಕ್ಕದ ಬುಡ ಹತ್ತನೇ ತರಗತಿಯ ‘ಸಂಭವನೀಯತೆ’ ಅಧ್ಯಾಯದಲ್ಲಿದೆ. ನಾಳೆ ಅದನ್ನು ಕಲಿಸಬೇಕಾದ ಬಿ.ಎಡ್. ಪ್ರಶಿಕ್ಷಣಾರ್ಥಿಗಳನ್ನು ಮಾತಾಡಿಸಿ. ಸಣ್ಣ ಪಾಠ, ಸುಲಭದ ಅಂಕ, ಒಂದು ಪೀರಿಯಡ್ ಸಾಕು ಅನ್ನುವವರೇ ಹೆಚ್ಚು. ಬೇಕಾದ ಫಲಿತಾಂಶ ಮೇಲೆ, ಒಟ್ಟು ಫಲಿತಾಂಶ ಕೆಳಗೆ, ಭಾಗಿಸು, ಮುಗೀತು! ಎಲ್ಲ ಫಲಿತಾಂಶಗಳೂ ಸಮಸಂಭವ ಆಗಿರಬೇಕು ಅನ್ನುವ ಷರತ್ತನ್ನು ಬೋರ್ಡ್ ಮೇಲೆ ಬರೆಯುವವರು ಎಷ್ಟು ಮಂದಿ?

ಸುಲಭವಂತೆ. ಪುಸ್ತಕದ ಅಭ್ಯಾಸದಲ್ಲೇ ಒಂದು ಪ್ರಶ್ನೆ ಇದೆ. ಎರಡು ನಾಣ್ಯ ಚಿಮ್ಮಿದರೆ ಎರಡೂ ಶಿರ, ಎರಡೂ ಪುಚ್ಛ, ಒಂದೊಂದು ಎಂದು ಮೂರು ಫಲಿತಾಂಶ, ಹಾಗಾಗಿ ಪ್ರತಿಯೊಂದಕ್ಕೂ 1/3, ಸರಿಯೇ? ಸರಿಯಲ್ಲ. ‘ಒಂದೊಂದು’ ಎರಡು ಬಗೆಯಲ್ಲಿ ಬರುತ್ತದೆ, ಹಾಗಾಗಿ ಅದರ ಸಂಭವ 1/2. ಫ್ರಾನ್ಸಿನ ದೊಡ್ಡ ಗಣಿತಜ್ಞ ದ'ಅಲಂಬೇರ್ 1754ರಲ್ಲಿ ಇಂಥದೇ ಎಣಿಕೆಯಲ್ಲಿ ಎಡವಿದ್ದ. ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಶಿರ ಬರುವ ಸಂಭವ 2/3 ಎಂದು ಬರೆದ, ಆಗಬೇಕಾದದ್ದು 3/4. ಅಂಥವನೇ ಎಡವಿದ ಜಾಗವನ್ನು ನಮ್ಮವರು ಗೈಡ್ ನೋಡಿ ದಾಟಿಸುತ್ತಾರೆ.

ಪ್ರಶಿಕ್ಷಣಾರ್ಥಿಗಳನ್ನಷ್ಟೇ ಬೈದರೆ ಅನ್ಯಾಯ. ಅವರಿಗೂ ಹೀಗೇ ಕಲಿಸಿದ್ದು. ನಾಣ್ಯ ಚಿಮ್ಮಿ, ಬರೆದಿಟ್ಟು, ಎಣಿಸಿ ನೋಡುವ ಪಾಠ ಒಂಬತ್ತನೇ ತರಗತಿಯಲ್ಲಿತ್ತು. 2022ರ ಪರಿಷ್ಕರಣೆಯಲ್ಲಿ ಎನ್‌ಸಿಇಆರ್‌ಟಿ ಆ ಅಧ್ಯಾಯವನ್ನೇ ಕಿತ್ತುಹಾಕಿತು. ಹೊರೆ ಇಳಿಸಿದರಂತೆ!

ಇನ್ನು ಇಸ್ಪೀಟು. 52 ಎಲೆಗಳ ಲೆಕ್ಕ ಬಂದರೆ ಕೆಲವರಿಗೆ ಮುಜುಗರ, ಮಕ್ಕಳು ಕೆಡುತ್ತಾರೆಂಬ ಅಂಜಿಕೆ. ಅಂದರ್ ಬಾಹರ್ ಎಲ್ಲಿ ನಡೀತದೆ ಅಂತ ಆ ಮಕ್ಕಳಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ಎಲೆ ಬೇಡವಾದರೆ ಚೀಲದಲ್ಲಿ ಜೋಳ, ತೊಗರಿ, ಕಡಲೆ ಹಾಕಿ ಕಣ್ಣುಮುಚ್ಚಿ ತೆಗೆಸಿ. ಕಾಳಿನ ಗಾತ್ರ ಬೇರೆ ಇದ್ದರೆ ಸಮಸಂಭವ ಉಳಿಯುತ್ತದೆಯೇ ಎಂದೂ ಕೇಳಿ. ಜಗಳ ಬೀಳಲಿ, ಪಾಠ ಅಲ್ಲೇ ಇದೆ.

ಖರ್ಚೇನೂ ಇಲ್ಲ. 40 ಮಕ್ಕಳು ತಲಾ 25 ಸಲ ನಾಣ್ಯ ಚಿಮ್ಮಿದರೆ ಒಂದೇ ಪೀರಿಯಡ್‌ನಲ್ಲಿ 1000 ಸಲ ಆಯಿತು. ಸತತ ಐದು ಶಿರ ಬಿದ್ದ ಹುಡುಗನನ್ನು ಮುಂದಿನದು ಏನೆಂದು ಕೇಳಿ. ಪುಚ್ಛವೇ ಬರಬೇಕು ಎಂದಾನು. ಮಟ್ಕಾದವನು ಕಾಯುವುದು ಈ ಉತ್ತರಕ್ಕೇ. ಬಿ.ಎಡ್. ಕಾಲೇಜಿನವರು ಪಾಠ ಯೋಜನೆಯ ಬಣ್ಣದ ಚಾರ್ಟ್ ನೋಡಿ ಸಹಿ ಹಾಕುವುದು ಬಿಟ್ಟು, ಆ ಸಾವಿರ ಎಣಿಕೆಯ ಹಾಳೆ ತೋರಿಸು ಅನ್ನಲಿ.