ಹಳೆಯ ಕಾರ್ಟೂನಿಗೂ ಒಂದು ಪೀಠಿಕೆ ಬೇಕು

ಟಾಮ್ ಮತ್ತು ಜೆರ್ರಿಯ ಗುರುತು ಹತ್ತದವರು ಇವತ್ತು ಹಳ್ಳಿಯಲ್ಲೂ ಸಿಗುವುದು ಕಷ್ಟ. ಆದರೆ ಆ ಬೆಕ್ಕು-ಇಲಿಯ ಜಗಳವನ್ನು ಹದಿನೆಂಟು ವರ್ಷ ಹೆಣೆಯುತ್ತ ಬಂದ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಯಾರು, ಮಾತು ತೀರ ಕಡಿಮೆಯಿರುವ ಆ ಚಿತ್ರಗಳಲ್ಲಿ ಮಾತಿನ ಕೆಲಸವನ್ನೆಲ್ಲ ಸಂಗೀತದಿಂದಲೇ ಮಾಡಿಸಿದ ಸ್ಕಾಟ್ ಬ್ರ್ಯಾಡ್ಲಿ ಯಾರು ಎಂದು ಕೇಳಿದರೆ ಬಹುಪಾಲು ಜನ ತಬ್ಬಿಬ್ಬಾಗುತ್ತಾರೆ. ಎಂಜಿಎಂ ಸ್ಟುಡಿಯೊಗಾಗಿ ಈ ತಂಡ ಮಾಡಿದ, 1940ರಿಂದ 1958ರ ನಡುವೆ ಬಿಡುಗಡೆಯಾದ 114 ಕಿರುಚಿತ್ರಗಳಲ್ಲಿ ಏಳಕ್ಕೆ ಆಸ್ಕರ್ ಬಂದಿದೆ. ಇಷ್ಟು ದೊಡ್ಡ ಕೆಲಸ ಮಾಡಿದವರು ತೆರೆಮರೆಯಲ್ಲೇ ಉಳಿದದ್ದಕ್ಕೆ ನೋಡುಗರನ್ನು ದೂರಿ ಫಲವಿಲ್ಲ. ಟೆಲಿವಿಷನ್ ಈ ಚಿತ್ರಗಳನ್ನು ನಮ್ಮ ಮುಂದಿಟ್ಟದ್ದೇ ಹಾಗೆ: ಹೆಸರು, ವರ್ಷ, ಸಂದರ್ಭ ಯಾವುದನ್ನೂ ಹೇಳದೆ, ಒಂದರ ಹಿಂದೆ ಒಂದು, ಜಾಹೀರಾತುಗಳ ನಡುವಿನ ಹೊತ್ತು ತುಂಬಲು. ಹಾಗೆ ಮಾಡದ ಒಂದು ಸರಣಿ ಇತ್ತು. ಅಮೆರಿಕದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 1992ರಲ್ಲಿ, ಆ ಚಾನೆಲ್ ಹುಟ್ಟಿದಾಗಲೇ ಶುರುವಾಗಿ ಒಂದು ದಶಕಕ್ಕೂ ಮಿಕ್ಕಿ ಬಂದ ‘ಟೂನ್‌ಹೆಡ್ಸ್’ ಅದು. ಅಂಥದೊಂದು ಸರಣಿ ಮತ್ತೆ ಬೇಕು, ಆಗಿನದಕ್ಕಿಂತ ಈಗ ಹೆಚ್ಚು ಬೇಕು ಎಂಬುದು ನನ್ನ ವಾದ.

ಮೊದಲು ಈ ಚಿತ್ರಗಳು ಎಲ್ಲಿಂದ ಬಂದವು ಎನ್ನುವುದನ್ನು ನೋಡಬೇಕು. ಬಗ್ಸ್ ಬನ್ನಿ, ಡ್ಯಾಫಿ ಡಕ್, ಟಾಮ್, ಜೆರ್ರಿ ಇವರಾರೂ ಟಿವಿಗಾಗಿ ಹುಟ್ಟಿದವರಲ್ಲ. ಚಿತ್ರಮಂದಿರದಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ವಾರ್ತಾಚಿತ್ರದ ಜೊತೆಗೆ ತೋರಿಸಲು ಮಾಡಿದ ಆರೇಳು ನಿಮಿಷದ ಚಿತ್ರಗಳು ಇವು. ಎದುರಿಗೆ ಕೂತವರಲ್ಲಿ ಮಕ್ಕಳೂ ಇದ್ದರು, ಕೆಲಸ ಮುಗಿಸಿ ಬಂದ ದೊಡ್ಡವರೂ ಇದ್ದರು. ಹಾಸ್ಯವೂ ಇಬ್ಬರಿಗಾಗಿಯೇ ಇತ್ತು. ಸ್ಟುಡಿಯೊಗಳು ತಮ್ಮ ಚಿತ್ರಗಳನ್ನು ಕಟ್ಟು ಕಟ್ಟಾಗಿ ಥಿಯೇಟರುಗಳ ತಲೆಗೆ ಕಟ್ಟುವ ಪದ್ಧತಿಯನ್ನು 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುರಿಯಿತು. ಅಲ್ಲಿಂದಾಚೆಗೆ ಕಿರುಚಿತ್ರಗಳಿಗೆ ಖಾತ್ರಿಯಾದ ಗಿರಾಕಿ ಇಲ್ಲವಾಯಿತು, ಟಿವಿ ಬಂದು ಪ್ರೇಕ್ಷಕರನ್ನೂ ಒಯ್ದಿತು, 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಹಳೆಯ ಚಿತ್ರಗಳು ಸಗಟು ಲೆಕ್ಕದಲ್ಲಿ ಟಿವಿಗೆ ಮಾರಾಟವಾದವು. ಹೆಸರುಗಳು ಅಳಿಸಿಹೋಗುವುದು ಮಾತ್ರ ಇದಕ್ಕೂ ಹಿಂದೆಯೇ ಶುರುವಾಗಿತ್ತು. ವಾರ್ನರ್ ಸ್ಟುಡಿಯೊ 1943ರಿಂದ ತನ್ನ ಹಳೆಯ ಕಾರ್ಟೂನುಗಳನ್ನು ‘ಬ್ಲೂ ರಿಬ್ಬನ್’ ಎಂಬ ಹಣೆಪಟ್ಟಿ ಹಚ್ಚಿ ಮರುಬಿಡುಗಡೆ ಮಾಡಿತು. ಆಗ ಅನೇಕ ಚಿತ್ರಗಳ ಮೂಲ ಟೈಟಲ್ ಕಾರ್ಡುಗಳನ್ನು ತೆಗೆದು ಹೊಸದನ್ನು ಅಂಟಿಸಲಾಯಿತು. ನಿರ್ದೇಶಕ, ಕಥೆಗಾರ, ಚಿತ್ರಗಾರರ ಹೆಸರುಗಳು ಕತ್ತರಿಗೆ ಹೋದವು. ಬಗ್ಸ್ ಬನ್ನಿಯ ನಿಜವಾದ ಚೊಚ್ಚಲ ಚಿತ್ರವೆಂದು ಎಲ್ಲರೂ ಒಪ್ಪುವ, ಟೆಕ್ಸ್ ಏವರಿ ನಿರ್ದೇಶನದ 1940ರ ‘ಎ ವೈಲ್ಡ್ ಹೇರ್’ ಕೂಡ ಇದಕ್ಕೆ ಹೊರತಾಗಲಿಲ್ಲ. ಅದರಲ್ಲಿ ಮೊಲ ಹಿಂದಿನಿಂದ ಬಂದು ಬೇಟೆಗಾರನ ಕಣ್ಣು ಮುಚ್ಚಿದಾಗ ಅವನು ಯಾರಿರಬಹುದೆಂದು ನಟಿಯರ ಹೆಸರು ಊಹಿಸುತ್ತಾನೆ. ಅವರಲ್ಲಿ ಒಬ್ಬಳು ಕ್ಯಾರೋಲ್ ಲೊಂಬಾರ್ಡ್. ಆಕೆ 1942ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದರಿಂದ ಮರುಬಿಡುಗಡೆಯ ಪ್ರತಿಯಲ್ಲಿ ಆ ಜಾಗಕ್ಕೆ ಬಾರ್ಬರಾ ಸ್ಟಾನ್ವಿಕ್ ಹೆಸರು ಬಂತು. ಇಷ್ಟು ಚಿಕ್ಕ ತಿದ್ದುಪಡಿಯ ಹಿಂದೆ ಒಂದು ಕಾಲದ ಸಂಕಟವೇ ಇದೆ. ಯಾರಾದರೂ ಹೇಳದ ಹೊರತು ಅದು ಯಾವ ಪ್ರೇಕ್ಷಕನಿಗೂ ಹೊಳೆಯುವಂಥದ್ದಲ್ಲ.

ಟೂನ್‌ಹೆಡ್ಸ್ ಮಾಡಿದ್ದು ಈ ಹೇಳುವ ಕೆಲಸವನ್ನು. ಅರ್ಧ ಗಂಟೆ, ಸಾಮಾನ್ಯವಾಗಿ ಮೂರು ಕಾರ್ಟೂನು, ಮೂರನ್ನೂ ಪೋಣಿಸುವ ಒಂದು ಎಳೆ. ಎಳೆ ಒಬ್ಬ ನಿರ್ದೇಶಕನಾಗಬಹುದು, ಒಂದು ಪಾತ್ರವಾಗಬಹುದು, ಯುದ್ಧಕಾಲವಾಗಬಹುದು. ನಡುನಡುವೆ ನಿರೂಪಣೆಯ ದನಿ ನಾಲ್ಕು ಮಾತು ಹೇಳಿ ಸರಿದುಕೊಳ್ಳುತ್ತಿತ್ತು. ಆ ಚಾನೆಲ್ಲಿನ ಒಡೆಯ ಟೆಡ್ ಟರ್ನರ್ 1986ರಲ್ಲಿ ಕೊಂಡ ಎಂಜಿಎಂ ಸಂಗ್ರಹದಲ್ಲಿ ವಾರ್ನರ್‌ನ 1948ಕ್ಕಿಂತ ಹಿಂದಿನ ಬಣ್ಣದ ಕಾರ್ಟೂನುಗಳೂ ಸೇರಿದ್ದವು. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಜೊತೆ ಒಂದಾದ ಮೇಲೆ ಉಳಿದವಕ್ಕೂ ದಾರಿಯಾಯಿತು. ಹೀಗಾಗಿ ಸರಣಿಗೆ ಕೈ ತುಂಬ ಸರಕಿತ್ತು. 2000ದಲ್ಲಿ ಬಂದ ಅದರ ವಿಶೇಷ ಕಾರ್ಯಕ್ರಮವೊಂದು ಎಲ್ಲೂ ನೋಡಸಿಗದ ಚಿತ್ರಗಳನ್ನು ಹೊರತೆಗೆಯಿತು. 1929ರ ‘ಬಾಸ್ಕೊ, ದಿ ಟಾಕ್-ಇಂಕ್ ಕಿಡ್’, ಅಂದರೆ ವಾರ್ನರ್ ಕಾರ್ಟೂನುಗಳ ಬೀಜದಂತಿದ್ದ ಪ್ರಾಯೋಗಿಕ ಚಿತ್ರ, ಎಪ್ಪತ್ತು ವರ್ಷಗಳ ಅಜ್ಞಾತವಾಸ ಮುಗಿಸಿ ಜನರ ಮುಂದೆ ಬಂದದ್ದು ಅದರಲ್ಲೇ. ಮರುವರ್ಷದ ಇನ್ನೊಂದು ವಿಶೇಷ ಎರಡನೇ ಮಹಾಯುದ್ಧದ ಕಾಲದ ಕಾರ್ಟೂನುಗಳನ್ನು ಕುರಿತದ್ದು. ಮಕ್ಕಳ ಚಾನೆಲ್ಲೊಂದು ವಸ್ತುಸಂಗ್ರಹಾಲಯ ಮಾಡಬೇಕಾದ ಕೆಲಸಕ್ಕೆ ಕೈಹಾಕಿದ್ದು ಸಣ್ಣ ಮಾತಲ್ಲ.

ಜೋಡಿಸಿ ತೋರಿಸುವುದರಿಂದ ಆಗುವುದೇನು ಎಂಬುದಕ್ಕೆ ಆಮೆ-ಮೊಲದ ಓಟವನ್ನೇ ತೆಗೆದುಕೊಳ್ಳಿ. ನಮ್ಮ ಮಕ್ಕಳೂ ಬಾಯಿಪಾಠ ಮಾಡಿರುವ ಆ ಈಸೋಪನ ಕಥೆಯನ್ನು ಬಗ್ಸ್ ಬನ್ನಿಗಾಗಿ ಮೂವರು ನಿರ್ದೇಶಕರು ಮೂರು ಸಲ ಕೈಗೆತ್ತಿಕೊಂಡರು. 1941ರಲ್ಲಿ ಟೆಕ್ಸ್ ಏವರಿ ಮಾಡಿದ ಚಿತ್ರದಲ್ಲಿ ಮೊಲ ಕ್ಯಾರೆಟ್ ಮೆಲ್ಲುತ್ತ ಟೈಟಲ್ ಕಾರ್ಡಿನ ಮುಂದೆಯೇ ನಡೆದು ಬರುತ್ತದೆ, ಅಲ್ಲಿರುವ ಹೆಸರುಗಳನ್ನು ತಪ್ಪುತಪ್ಪಾಗಿ ಓದುತ್ತದೆ, ಕೊನೆಗೆ ಆಮೆ ಗೆಲ್ಲುತ್ತದೆಂದು ಚಿತ್ರದ ಶೀರ್ಷಿಕೆಯಲ್ಲೇ ಬರೆದಿರುವುದನ್ನು ಕಂಡು ಕೆರಳುತ್ತದೆ. ಆಮೆ ತನ್ನ ನೆಂಟರನ್ನು ದಾರಿಯುದ್ದಕ್ಕೂ ನಿಲ್ಲಿಸಿ ಗೆಲ್ಲುತ್ತದೆ. ಎರಡು ವರ್ಷಗಳ ನಂತರ ಬಾಬ್ ಕ್ಲಾಂಪೆಟ್ ಅದೇ ಓಟವನ್ನು ಹುಚ್ಚು ವೇಗಕ್ಕೆ ಏರಿಸುತ್ತಾನೆ: ಮೊಲ ಆಮೆಯ ಚಿಪ್ಪಿನಂಥ ವೇಷ ತೊಟ್ಟು ಓಡುತ್ತದೆ, ಮೊಲದ ಮೇಲೆ ಬಾಜಿ ಕಟ್ಟಿದ ಮೊಲಗಳ ಗೂಂಡಾ ಪಡೆ ಅದನ್ನೇ ಆಮೆಯೆಂದು ಹಿಡಿದು ಬಡಿಯುತ್ತದೆ. 1947ರಲ್ಲಿ ಫ್ರಿಜ್ ಫ್ರೆಲೆಂಗ್ ಸಾವಧಾನವಾಗಿ ಗಂಟು ಕಟ್ಟುತ್ತಾನೆ. ಈ ಸಲ ಓಟ ಗೆಲ್ಲುವುದು ಮೊಲವೇ, ಆದರೆ ಗೆದ್ದ ವೇಗವನ್ನು ಬಾಯಿಬಿಟ್ಟು ಹೇಳಿಕೊಂಡದ್ದಕ್ಕೆ ಪೊಲೀಸರು ಎಳೆದೊಯ್ಯುತ್ತಾರೆ. ಒಂದೊಂದನ್ನೇ ಬೇರೆ ಬೇರೆ ದಿನ ನೋಡಿದವರಿಗೆ ಇವು ಮೂರು ತಮಾಷೆಗಳು, ಅಷ್ಟೆ. ಒಟ್ಟಿಗೆ ನೋಡಿದರೆ ಮೂರು ಮನೋಧರ್ಮಗಳು ಕಣ್ಣಿಗೆ ಹೊಡೆಯುತ್ತವೆ: ಏವರಿಗೆ ಸಿನಿಮಾ ಎಂಬ ಸಾಧನದ ಜೊತೆಗೇ ಚೆಲ್ಲಾಟ, ಕ್ಲಾಂಪೆಟ್‌ಗೆ ಉನ್ಮಾದ, ಫ್ರೆಲೆಂಗ್‌ಗೆ ಲೆಕ್ಕಾಚಾರ. ಕ್ಲಾಂಪೆಟ್‌ನ ಚಿತ್ರದಲ್ಲಿ ಇನ್ನೊಂದು ವಿಶೇಷವಿದೆ. ಓಟದ ಸುದ್ದಿಯನ್ನು ಮುಖಪುಟದ ತುಂಬ ಹಾಕಿದ ಪತ್ರಿಕೆಯೊಂದು ಕ್ಷಣಕಾಲ ಕಾಣುತ್ತದೆ. ಅದರ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಹಿಟ್ಲರ್ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಇದೆ. ಚಿತ್ರ ಬಂದದ್ದು 1943ರಲ್ಲಿ, ಹಿಟ್ಲರ್ ಸತ್ತದ್ದು 1945ರಲ್ಲಿ. ಯುದ್ಧದ ನಡುವೆ ಕೂತು ಚಿತ್ರ ಬರೆಯುತ್ತಿದ್ದವರ ಆಸೆ ಆ ಮೂಲೆಯಲ್ಲಿದೆ. ಮೊದಲೇ ಒಂದು ಮಾತು ಹೇಳಿಟ್ಟರೆ ನೋಡುಗನ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ.

ನಗುವುದಕ್ಕೆ ವಿವರಣೆ ಯಾಕೆ, ವಿವರಿಸಿದರೆ ನಗುವೇ ಸತ್ತುಹೋಗುವುದಿಲ್ಲವೇ ಎಂಬ ಆಕ್ಷೇಪ ಸಹಜ. ನಗೆಯನ್ನು ಬಿಡಿಸಿ ಹೇಳುವುದಾದರೆ ಈ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಪೀಠಿಕೆ ಮಾಡುವ ಕೆಲಸ ಬೇರೆ. ಅದು ನೋಡಬೇಕಾದ ಕಡೆಗೆ ಬೆರಳು ತೋರುತ್ತದೆ. ಚಕ್ ಜೋನ್ಸ್ ನಿರ್ದೇಶಿಸಿದ 1953ರ ‘ಡಕ್ ಅಮಕ್’ ಚಿತ್ರದಲ್ಲಿ ಡ್ಯಾಫಿ ಕತ್ತಿ ಝಳಪಿಸುತ್ತ ವೀರನಂತೆ ಬರುತ್ತಾನೆ. ನಾಲ್ಕು ಹೆಜ್ಜೆಗೆ ಹಿನ್ನೆಲೆಯೇ ಮುಗಿದುಹೋಗಿ ಸುತ್ತ ಬರೀ ಬಿಳಿ. ಕತ್ತಿ ಬಿಟ್ಟು ರೈತನ ವೇಷದಲ್ಲಿ ಬಂದರೆ ಹಿನ್ನೆಲೆ ಹಿಮವಾಗಿದೆ. ಹಿಮಕ್ಕೆ ತಕ್ಕ ಬಟ್ಟೆ ತೊಡುವಷ್ಟರಲ್ಲಿ ಅದೂ ಇಲ್ಲ. ಗಿಟಾರ್ ಮೀಟಿದರೆ ಮಷಿನ್ ಗನ್ನಿನ ಸದ್ದು ಬರುತ್ತದೆ. ಕಾಣದ ಕೈಯೊಂದು ರಬ್ಬರಿನಿಂದ ಅವನನ್ನೇ ಅಳಿಸುತ್ತದೆ. ಇಷ್ಟೆಲ್ಲ ಆದ ಮೇಲೂ ಅವನು ಡ್ಯಾಫಿಯಾಗಿಯೇ ಉಳಿಯುತ್ತಾನಲ್ಲ, ಹೇಗೆ? ಬಣ್ಣ, ರೂಪ, ದನಿ, ಜಾಗ ಒಂದೊಂದನ್ನೇ ಕಿತ್ತುಕೊಂಡರೂ ಪಾತ್ರವೊಂದು ಉಳಿಯಬಲ್ಲದೇ ಎಂಬ ಗಂಭೀರ ಪ್ರಶ್ನೆಯನ್ನು ಏಳು ನಿಮಿಷದ ನಗೆಚಿತ್ರ ಎತ್ತುತ್ತದೆ. 1999ರಲ್ಲಿ ಅಮೆರಿಕ ಇದನ್ನು ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದವರ ನಗು ಕಡಿಮೆಯಾಗುವುದಿಲ್ಲ. ಸಂಗೀತ ಕಛೇರಿಯಲ್ಲಿ ರಾಗದ ಹೆಸರು ಹೇಳಿ ಹಾಡಿದರೆ ರಸಭಂಗವಾಯಿತೆಂದು ಯಾರೂ ಎದ್ದು ಹೋಗುವುದಿಲ್ಲವಷ್ಟೆ.

ಇನ್ನೊಂದು ಆಕ್ಷೇಪ, ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಬಿದ್ದಿರುವಾಗ ಟಿವಿ ಸರಣಿಯ ಹಂಗು ಯಾರಿಗೆ ಎಂಬುದು. ಬಿದ್ದಿರುವುದು ನಿಜ, ಆದರೆ ಬಿದ್ದಿರುವುದು ರಾಶಿಯಾಗಿ. ಅದರಲ್ಲಿ ಮಸುಕು ಪ್ರತಿ, ಕತ್ತರಿಸಿದ ಪ್ರತಿ, 1960ರ ದಶಕದ ಕೊನೆಯಲ್ಲಿ ಕಪ್ಪು-ಬಿಳುಪಿನ ಮೂಲವನ್ನು ಕೊರಿಯಾದಲ್ಲಿ ಅಗ್ಗಕ್ಕೆ ನಕಲು ಬರೆಸಿ ಬಣ್ಣ ತುಂಬಿದ ಪ್ರತಿ ಎಲ್ಲವೂ ಒಂದೇ ಸಾಲಿನಲ್ಲಿವೆ. ಯಾವುದು ಮೂಲ ಎಂದು ಹೊಸಬನಿಗೆ ತಿಳಿಯುವ ದಾರಿಯಿಲ್ಲ. ಅಧಿಕೃತ ಜಾಗಗಳೂ ಭದ್ರವಲ್ಲ. 2025ರ ಮಾರ್ಚ್‌ನಲ್ಲಿ ವಾರ್ನರ್ ಕಂಪನಿ ತನ್ನದೇ ಸ್ಟ್ರೀಮಿಂಗ್ ವೇದಿಕೆಯಿಂದ ಬಗ್ಸ್, ಡ್ಯಾಫಿಯರ ಲೂನಿ ಟ್ಯೂನ್ಸ್ ಸರಣಿಯ ಹಳೆಯ ಕಿರುಚಿತ್ರಗಳನ್ನು ಒಟ್ಟಿಗೇ ತೆಗೆದುಹಾಕಿತು. ಕೆಲವು ತಿಂಗಳ ಮೇಲೆ ಅವು ಟೂಬಿ ಎಂಬ ಉಚಿತ ಸೇವೆಯಲ್ಲಿ ಕಾಣಿಸಿಕೊಂಡವು. ಒಂದು ದೇಶದ ಸಿನಿಮಾ ಚರಿತ್ರೆಯ ತುಂಡೊಂದು ಹೀಗೆ ರಾತ್ರೋರಾತ್ರಿ ಮನೆ ಬದಲಿಸುತ್ತಿರುವಾಗ, ಅದು ಹೋದದ್ದು ಗೊತ್ತಾಗಬೇಕಾದರೂ ಮೊದಲು ಅದು ಏನೆಂದು ಜನರಿಗೆ ಗೊತ್ತಿರಬೇಕು. ಇನ್ನು ಯಂತ್ರದ ಶಿಫಾರಸು. ಅದು ನೀವು ನೋಡಿದ್ದರಂಥದನ್ನೇ ಮತ್ತೆ ಮುಂದಿಡುತ್ತದೆ. ನೀವು ಕೇಳಲು ಗೊತ್ತಿಲ್ಲದ್ದನ್ನು ಮುಂದಿಡಲು ವಿಷಯ ಬಲ್ಲ ಮನುಷ್ಯನೇ ಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಜನಾಂಗ ನಿಂದನೆಯ ಪ್ರಶ್ನೆ. ಈ ಕಾರ್ಟೂನುಗಳಲ್ಲಿ ಕರಿಯರನ್ನು, ಜಪಾನೀಯರನ್ನು, ಅಮೆರಿಕದ ಮೂಲನಿವಾಸಿಗಳನ್ನು ಹೀನಾಯವಾಗಿ ಚಿತ್ರಿಸಿದ ಪ್ರಸಂಗಗಳು ಬೇಕಾದಷ್ಟಿವೆ. ಆ ಕಾಲ ಹಾಗಿತ್ತು ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಆ ಕಾಲದಲ್ಲೂ ಅದರಿಂದ ನೊಂದವರಿದ್ದರು. ಹಕ್ಕುದಾರರು ಇದಕ್ಕೆ ಹುಡುಕಿಕೊಂಡ ಪರಿಹಾರಗಳು ಎರಡು, ಬಚ್ಚಿಡುವುದು ಮತ್ತು ತಿದ್ದುವುದು. 1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ತನ್ನ ಬಳಿಯಿದ್ದ ಹನ್ನೊಂದು ವಾರ್ನರ್ ಕಾರ್ಟೂನುಗಳನ್ನು ಟಿವಿಯಿಂದ ಹಿಂದೆಗೆದುಕೊಂಡಿತು. 2001ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಗ್ಸ್ ಬನ್ನಿಯ ಎಲ್ಲ ಚಿತ್ರಗಳನ್ನೂ ಕಾಲಾನುಕ್ರಮದಲ್ಲಿ ತೋರಿಸಲು ಹೊರಟು ಕೊನೆಗೆ ಹನ್ನೆರಡನ್ನು ಕೈಬಿಟ್ಟಿತು. ಟಾಮ್ ಮತ್ತು ಜೆರ್ರಿಯಲ್ಲಿ ಸಾಮಾನ್ಯವಾಗಿ ಮುಖ ಕಾಣಿಸದ ಕರಿಯ ಮನೆಗೆಲಸದಾಕೆಯನ್ನು 1960ರ ದಶಕದಲ್ಲಿ ಟಿವಿಗಾಗಿ ಅಳಿಸಿ ಬಿಳಿಯ ಹೆಂಗಸೊಬ್ಬಳನ್ನು ಬರೆದು ಕೂಡಿಸಿದರು. ಇದರಿಂದ ಯಾರಿಗೆ ನ್ಯಾಯ ಸಿಕ್ಕಿತು? ಆ ಪಾತ್ರಕ್ಕೆ ದನಿ ಕೊಟ್ಟವಳು ಲಿಲಿಯನ್ ರ‍್ಯಾಂಡಾಲ್ಫ್ ಎಂಬ ಕರಿಯ ಕಲಾವಿದೆ. ಚಿತ್ರದಲ್ಲಿ ಆಕೆಯ ಹೆಸರು ಮೊದಲೇ ಇರಲಿಲ್ಲ. ಈಗ ದನಿಯೂ ಹೋಯಿತು. ನಿಂದನೆಯನ್ನು ಅಳಿಸುವ ನೆಪದಲ್ಲಿ ನಿಂದನೆಗೆ ಒಳಗಾದವರ ದುಡಿಮೆಯನ್ನೇ ಅಳಿಸಿದಂತಾಯಿತು. ಹಿಂದೆಗೆದುಕೊಂಡ ಹನ್ನೊಂದರಲ್ಲಿ ಒಂದಾದ ಕ್ಲಾಂಪೆಟ್‌ನ ‘ಕೋಲ್ ಬ್ಲ್ಯಾಕ್’ ಇನ್ನೂ ಜಟಿಲ. 1943ರ ಆ ಚಿತ್ರದ ಮುಖಗಳನ್ನು ನೋಡುವುದೇ ಕಷ್ಟ, ಅಷ್ಟು ಅವಮಾನಕರ. ಅದರ ಓಟ, ತಾಳ, ಜಾಜ್ ಸಂಗೀತ ಅಸಾಧಾರಣ. ಅದರಲ್ಲಿ ಹಾಡಿ ದುಡಿದವರಲ್ಲಿ ವಿವಿಯನ್ ಡ್ಯಾಂಡ್ರಿಜ್‌ಳಂಥ ಕರಿಯ ಕಲಾವಿದರೂ ಇದ್ದಾರೆ. ಇದನ್ನು ಬೆಳಗಿನ ಹೊತ್ತು ಮಕ್ಕಳೆದುರು ಹಾಕಬೇಕೆಂದು ನಾನು ಹೇಳುತ್ತಿಲ್ಲ. ಎಂಟು ವರ್ಷದ ಕರಿಯ ಮಗುವೊಂದು ತನ್ನ ಕುಲದ ವಿಕಾರ ರೂಪವನ್ನು ಟಿವಿಯಲ್ಲಿ ಅಕಸ್ಮಾತ್ತಾಗಿ ಎದುರುಗೊಳ್ಳಬೇಕಾದ ಅಗತ್ಯ ಯಾವ ಚರಿತ್ರೆಗೂ ಇಲ್ಲ. ಆದರೆ ದೊಡ್ಡವರ ಹೊತ್ತಿನಲ್ಲಿ, ಮೊದಲು ಏನನ್ನು ನೋಡಲಿದ್ದೇವೆಂದು ನೇರವಾಗಿ ಹೇಳಿ, ಯಾರು ಮಾಡಿದರು, ಯಾಕೆ ಹೀಗೆ ಮಾಡಿದರು, ಯಾರು ವಿರೋಧಿಸಿದರು ಎಂಬುದನ್ನು ತಿಳಿಸಿ ತೋರಿಸಲು ಸಾಧ್ಯವಿದೆ. 2005ರ ಲೂನಿ ಟ್ಯೂನ್ಸ್ ಡಿವಿಡಿ ಸಂಪುಟವೊಂದಕ್ಕೆ ನಟಿ ವೂಪಿ ಗೋಲ್ಡ್‌ಬರ್ಗ್ ಮುನ್ನುಡಿ ಹೇಳಿ, ಇವು ಅಂದೂ ತಪ್ಪು ಇಂದೂ ತಪ್ಪು, ಆದರೂ ಇವು ಇದ್ದವೆಂಬುದನ್ನು ಮುಚ್ಚಿಡಲಾಗದು ಎಂಬ ನಿಲುವನ್ನು ಮುಂದಿಟ್ಟಳು. ಆ ದಾರಿ ಸರಿ ಎನಿಸುತ್ತದೆ. ಪರದೆಯ ಮೇಲೆ ಎರಡು ಸಾಲಿನ ಎಚ್ಚರಿಕೆ ಹಾಕಿದರೆ ಕಾನೂನಿನ ಕೆಲಸ ಮುಗಿಯಬಹುದು, ತಿಳಿವಳಿಕೆಯ ಕೆಲಸ ಮುಗಿಯುವುದಿಲ್ಲ. ಅದಕ್ಕೆ ಮಾತು ಬೇಕು, ಮಾತಿಗೆ ಹೊತ್ತು ಬೇಕು. ಟೂನ್‌ಹೆಡ್ಸ್‌ನಂಥ ಸರಣಿಗೆ ಮಾತ್ರ ಆ ಹೊತ್ತು ಇರುತ್ತದೆ.

ಹಣದ ಮಾತು ಉಳಿಯಿತು. ಇಂಥದ್ದನ್ನು ಯಾರು ನೋಡುತ್ತಾರೆ, ಜಾಹೀರಾತು ಯಾರು ಕೊಡುತ್ತಾರೆ? 2021ರಲ್ಲಿ ಮಿ-ಟಿವಿ ಎಂಬ ಅಮೆರಿಕದ ವಾಹಿನಿ ನಿರೂಪಕರನ್ನು ಕೂರಿಸಿ ಹಳೆಯ ಕಾರ್ಟೂನುಗಳನ್ನು ತೋರಿಸುವ ದಿನನಿತ್ಯದ ಕಾರ್ಯಕ್ರಮ ಶುರುಮಾಡಿತು. 2024ರಲ್ಲಿ ಇವುಗಳಿಗೆಂದೇ ಇನ್ನೊಂದು ಚಾನೆಲ್ ತೆರೆಯಿತು. ನಷ್ಟದ ಬಾಬ್ತಾಗಿದ್ದರೆ ಎರಡನೆಯ ಹೆಜ್ಜೆ ಬರುತ್ತಿರಲಿಲ್ಲ. ಅದರ ಧಾಟಿ ಹರಟೆಯದು, ಟೂನ್‌ಹೆಡ್ಸ್‌ನ ಗಾಂಭೀರ್ಯ ಅದಕ್ಕಿಲ್ಲ. ಆದರೂ ಪ್ರೇಕ್ಷಕರು ಇದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮಲ್ಲಿಗೆ ಕಾರ್ಟೂನ್ ನೆಟ್‌ವರ್ಕ್ 1995ರಲ್ಲಿ ಬಂತು. ಇಂಗ್ಲಿಷ್ ಬಾರದ ಕನ್ನಡದ ಮಕ್ಕಳೂ ಟಾಮ್ ಮತ್ತು ಜೆರ್ರಿಯನ್ನು ಮೆಚ್ಚಿಕೊಂಡದ್ದು ಅದರಲ್ಲಿ ಅರ್ಥವಾಗದ ಮಾತು ತೀರ ಕಡಿಮೆಯಿತ್ತೆಂದು. ಆ ಮಕ್ಕಳು ಈಗ ದೊಡ್ಡವರಾಗಿ ತಮ್ಮ ಮಕ್ಕಳಿಗೆ ಅದನ್ನೇ ತೋರಿಸುತ್ತಿದ್ದಾರೆ. ಇಂಥ ಚಿತ್ರಗಳಿಗೆ ಡಬ್ಬಿಂಗ್ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪ್ರಸಾರದ ಹಕ್ಕು ಇರುವ ಚಾನೆಲ್ಲೊಂದು ಮೂರು ಚಿತ್ರ ಆರಿಸಿ, ನಡುವೆ ಐದು ನಿಮಿಷ ಕನ್ನಡದಲ್ಲಿ ಮಾತಾಡಬಲ್ಲ ಒಬ್ಬರನ್ನು ಕೂರಿಸಿದರೆ ಕಾರ್ಯಕ್ರಮ ಸಿದ್ಧ. ಮೊದಲ ಕಂತನ್ನು ಬ್ರ್ಯಾಡ್ಲಿಯ ಸಂಗೀತಕ್ಕೇ ಮೀಸಲಿಡಬಹುದು. ಟಾಮ್ ಪಿಯಾನೊ ಕಛೇರಿ ಕೊಡುವ, ಜೆರ್ರಿ ಪಿಯಾನೊದೊಳಗೆ ಮಲಗಿರುವ 1947ರ ‘ದಿ ಕ್ಯಾಟ್ ಕನ್ಸರ್ಟೊ’ದಿಂದ ಶುರುಮಾಡಿ.