ಅಕ್ಷರದ ಅಂದವೂ ಅನ್ನದ ದಾರಿಯೂ

ಚಿತ್ರ ಬರೆಯುವ ಕೈಯುಳ್ಳ ಮಗನನ್ನು ಕಂಡು ತಂದೆತಾಯಿಗಳು ಚಿಂತಾಕ್ರಾಂತರಾಗುವುದು ನಮ್ಮ ಸೀಮೆಯಲ್ಲಿ ಇಂದಿಗೂ ತಪ್ಪಿಲ್ಲ. ಅಂಕ ಬಂದವನು ವಿಜ್ಞಾನಕ್ಕೆ ಹೋಗತಕ್ಕದ್ದು, ಬಾರದವನು ಕಲಾ ವಿಭಾಗಕ್ಕೆ ಸೇರತಕ್ಕದ್ದು. ಚಿತ್ರಕಲೆಯಾದರೋ ವಾರ್ಷಿಕೋತ್ಸವದ ರಂಗಮಂಟಪವನ್ನು ಸಿಂಗರಿಸಲು ಮಾತ್ರ ಒದಗುವ ವಿದ್ಯೆ ಎಂಬುದು ಲೋಕರೂಢಿ. ಈ ರೂಢಿಯನ್ನು ಕುರಿತೂ, ಚಿತ್ರವಿದ್ಯೆಯಿಂದಲೇ ಜೀವನೋಪಾಯವನ್ನು ಅರಸಿ ಹೊರಟ ತರುಣನಿಗೆ ಕನ್ನಡ ಬೋಧಕರು ಕೊಡಬಹುದಾದ ನೆರವನ್ನು ಕುರಿತೂ ಎರಡು ಮಾತುಗಳನ್ನು ನಿವೇದಿಸಲು ಬಯಸುತ್ತೇನೆ.

ಗ್ರಾಫಿಕ್ ಡಿಸೈನ್ ಎಂಬ ವಿದ್ಯೆ ಬರಿಯ ಚಿತ್ರಲೇಖನವಲ್ಲ. ಪುಸ್ತಕದ ರಕ್ಷಾಪುಟ, ಔಷಧದ ಪೊಟ್ಟಣದ ಮೇಲಿನ ಬರಹ, ಬಸ್ ನಿಲ್ದಾಣದ ಸೂಚನಾಫಲಕ, ಸಂಸ್ಥೆಯ ಲಾಂಛನ, ಮೊಬೈಲಿನ ಪರದೆಯ ಮೇಲೆ ತೆರೆದುಕೊಳ್ಳುವ ಪುಟ, ಇವೆಲ್ಲವೂ ಅದರ ವ್ಯಾಪ್ತಿಗೆ ಒಳಪಟ್ಟಿವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ೧೯೬೧ರಲ್ಲಿಯೇ ಸ್ಥಾಪಿತವಾಯಿತು; ಮುಂಬಯಿಯ ಐ.ಐ.ಟಿ.ಯಲ್ಲಿ ೧೯೬೯ರಲ್ಲಿ ವಿನ್ಯಾಸ ಕೇಂದ್ರ ಆರಂಭವಾಯಿತು. ಅದೇ ಐ.ಐ.ಟಿ. ೨೦೧೫ರಿಂದ ನಡೆಸುತ್ತಿರುವ ಯುಸೀಡ್ ಎಂಬ ಪ್ರವೇಶ ಪರೀಕ್ಷೆಗೆ ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದಲ್ಲಿ ಓದಿದವರೂ ಕುಳಿತುಕೊಳ್ಳಬಹುದು. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದೆ ಎಂಬುದು ಗ್ರಾಮಾಂತರದ ಮಕ್ಕಳಿಗೆ ಮೊದಲನೆಯ ತೊಡಕು.

ನಮ್ಮ ಶಾಲೆಯಲ್ಲಿ ಕಲಿತ ರೈತನ ಮಗನೊಬ್ಬನು ಬೆಂಗಳೂರಿನಲ್ಲಿ ಈ ವಿದ್ಯೆಯ ಅಂತಿಮ ವರ್ಷದಲ್ಲಿದ್ದಾನೆ. ಕಳೆದ ಬೇಸಗೆಯ ರಜೆಯಲ್ಲಿ ತನ್ನ ಕೃತಿಸಂಪುಟವನ್ನು ನನಗೆ ತಂದು ತೋರಿಸಿದನು. ಪೋರ್ಟ್‌ಫೋಲಿಯೊ ಎಂದು ಕರೆಯಲ್ಪಡುವ ಈ ಸಂಪುಟವೇ ಆ ವೃತ್ತಿಯಲ್ಲಿ ಅಭ್ಯರ್ಥಿಯ ನಿಜವಾದ ಅರ್ಹತಾಪತ್ರ. ಪದವಿಯ ಪ್ರಮಾಣಪತ್ರವನ್ನು ಆಮೇಲೆ ನೋಡುತ್ತಾರೆ. ಪುಟಗಳು ಅಂದವಾಗಿದ್ದವು. ಆದರೆ ಒಂದರಲ್ಲಿಯೂ ಕನ್ನಡದ ಒಂದಕ್ಷರ ಇರಲಿಲ್ಲ. ಕಾರಣ ಕೇಳಿದೆ. "ಕನ್ನಡ ಹಾಕಿದರೆ ಹಳ್ಳಿಯವನು ಎಂದುಕೊಳ್ಳುತ್ತಾರೆ, ಗುರುಗಳೇ" ಎಂದನು.

ಅವನು ಹೇಳಿದ ಉಳಿದ ಸಂಗತಿಗಳೂ ಮನಸ್ಸಿಗೆ ನೋವುಂಟುಮಾಡಿದವು. ಲ್ಯಾಪ್‌ಟಾಪಿಗಾಗಿ ತಂದೆ ಸೊಸೈಟಿಯಲ್ಲಿ ಸಾಲ ಮಾಡಿದ್ದಾರೆ. ಕೆಲಸ ಕೇಳಲು ಹೋದೆಡೆ ಪರೀಕ್ಷಾರ್ಥವೆಂದು ವಾರಗಟ್ಟಲೆ ಚಿತ್ರ ಮಾಡಿಸಿಕೊಂಡು, ಒಂದು ಉತ್ತರವನ್ನೂ ಬರೆಯದೆ ಸುಮ್ಮನಾದವರಿದ್ದಾರೆ. ದುಡಿಮೆಯನ್ನು ಪಡೆದು ಕೂಲಿಯನ್ನು ಮರೆಯುವುದು ಹೊಲದಲ್ಲಾದರೂ ಕಚೇರಿಯಲ್ಲಾದರೂ ಅನ್ಯಾಯವೇ. ಹೀಗಿರುತ್ತ ಒಂದು ಸಂದರ್ಶನದಲ್ಲಿ, ನಾಲ್ಕು ಭಾಷೆಗಳಲ್ಲಿ ಅಚ್ಚಾಗಬೇಕಾದ ಚಹಾ ಪೊಟ್ಟಣದ ಮಾತು ಬಂದಿತಂತೆ. "ನಿಮ್ಮ ಲಿಪಿಯಲ್ಲಿ ನೀವು ಮಾಡಿದ ಕೆಲಸ ಎಲ್ಲಿ?" ಎಂದು ಅಲ್ಲಿನ ಹಿರಿಯ ಮಹಿಳೆಯೊಬ್ಬರು ಕೇಳಿದರು. ಇಂಗ್ಲಿಷ್ ಅಕ್ಷರದಲ್ಲಿ ಚೆನ್ನಾಗಿ ಮಾಡಬಲ್ಲವರು ಆ ದಿನ ಹೊರಗೆ ಇನ್ನೂ ಅನೇಕರು ಕುಳಿತಿದ್ದರು. ಕನ್ನಡ ಬಲ್ಲವನು ಇವನೊಬ್ಬನೇ. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಕನ್ನಡ ಲಿಪಿಯ ವಿನ್ಯಾಸ ಸುಲಭವೆಂದು ನಾನು ಹೇಳುವುದಿಲ್ಲ. ರೋಮನ್ ಅಕ್ಷರಗಳಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು. 'ರಾಷ್ಟ್ರ', 'ಸ್ತ್ರೀ' ಎಂಬಲ್ಲಿ ಒತ್ತಿನ ಮೇಲೆ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. 'ಸೂರ್ಯ' ಎನ್ನುವಾಗ ರಕಾರ ಮೊದಲು ಕೇಳಿಸಿದರೂ ಅರ್ಕಾವೊತ್ತು ಯಕಾರದ ಬಲಕ್ಕೆ ನಿಲ್ಲುತ್ತದೆ. 'ರ‍್ಯಾಂಕ್' ಎಂಬಲ್ಲಿ ಹಾಗಲ್ಲ, ರಕಾರ ಸ್ವಸ್ಥಾನದಲ್ಲಿಯೇ ಇದ್ದು ಯಕಾರ ಒತ್ತಾಗುತ್ತದೆ. ಈ ಭೇದ ಯಂತ್ರಕ್ಕೆ ತಾನಾಗಿ ತಿಳಿಯದು, ಹೇಳಿಕೊಡಬೇಕು. ಭಾರತೀಯ ಲಿಪಿಗಳಿಗೆ ತಕ್ಕ ಆಯ್ಕೆಯನ್ನು ಮಾಡಿಕೊಳ್ಳದಿದ್ದರೆ ಫೋಟೊಶಾಪಿನಂತಹ ಹೆಸರಾಂತ ತಂತ್ರಾಂಶದಲ್ಲಿಯೂ 'ಅಕ್ಕ' ಎಂಬುದು 'ಅಕ್‌ಕ' ಎಂದು ಒಡೆದು ನಿಲ್ಲುವುದುಂಟು. ದಕಾರ ಧಕಾರಗಳಿಗೆ ಇರುವ ವ್ಯತ್ಯಾಸ ಕೆಳಗಿನದೊಂದು ಸಣ್ಣ ಸೀಳು. ಔಷಧದ ಪೊಟ್ಟಣದ ಮೇಲೆ ಅಕ್ಷರ ಕಿರಿದಾದಂತೆ ಆ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತದೆ. ವ್ಯಾಕರಣ ಬಲ್ಲವನಿಗೆ ರೇಖೆ ತಿಳಿಯದು, ರೇಖೆ ಬಲ್ಲವನಿಗೆ ವ್ಯಾಕರಣ ತಿಳಿಯದು. ಇಬ್ಬರೂ ಒಂದು ಮೇಜಿನ ಮುಂದೆ ಕುಳಿತುಕೊಳ್ಳುವ ಪ್ರಸಂಗವೇ ಬರುವುದಿಲ್ಲ.

ಮೊದಲು ಹೀಗಿರಲಿಲ್ಲ. ೧೮೪೧ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯದಿಂದ ೧೮೯೪ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿದರೆ, ಪಂಡಿತನೂ ಮೊಳೆ ಜೋಡಿಸುವವನೂ ಕೂಡಿ ದುಡಿದುದರ ಫಲ ಪುಟಪುಟದಲ್ಲಿ ಕಾಣುತ್ತದೆ.

ಈಗ ಅಂತಹ ಕೂಡುಗೆಲಸಕ್ಕೆ ಮತ್ತೆ ಕಾಲ ಒದಗಿದೆ. ೨೦೨೪ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಂತೆ ಅಂಗಡಿ ಮುಂಗಟ್ಟುಗಳ ನಾಮಫಲಕಗಳಲ್ಲಿ ಶೇಕಡಾ ೬೦ರಷ್ಟು ಕನ್ನಡ ಇರಬೇಕು. ಫಲಕಗಳೇನೋ ಬಂದಿವೆ, ಅವುಗಳ ಮೇಲಿನ ಅಕ್ಷರಗಳು ಮಾತ್ರ ಅನೇಕ ಕಡೆ ಅಡ್ಡಕ್ಕೆ ಎಳೆದ ರೊಟ್ಟಿಯಂತಿವೆ. ಕಾಯಿದೆಯಿಂದ ಅಳತೆ ಬಂದೀತು, ಅಂದ ಬಾರದು. ಮುಂಬಯಿಯ ಏಕ್ ಟೈಪ್ ಎಂಬ ಬಳಗದವರು 'ಬಾಲೂ ತಮ್ಮ' ಎಂಬ ಕನ್ನಡ ಅಕ್ಷರಮಾಲೆಯನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಒದಗಿಸಿದ್ದಾರೆ. ಮುಂಬಯಿಯವರಿಂದ ಆದದ್ದು ಕನ್ನಡವನ್ನೇ ಉಂಡು ಬೆಳೆದ ನಮ್ಮ ಮಕ್ಕಳಿಂದ ಏಕೆ ಆಗಬಾರದು?

ಆ ರಜೆಯ ಹದಿನೈದು ದಿನ ನಾನೂ ಆ ಹುಡುಗನೂ ಸಂಜೆಯ ಹೊತ್ತು ಒತ್ತಕ್ಷರಗಳನ್ನು ಬರೆದುಕೊಂಡು ಕುಳಿತೆವು. ನಾನು ಉಚ್ಚಾರವನ್ನೂ ಸಂಧಿಯನ್ನೂ ಹೇಳಿದೆ. ಅವನು ಗೆರೆಯ ತೂಕವನ್ನೂ ಎಡೆಯ ಅಳತೆಯನ್ನೂ ತೋರಿಸಿದನು. ಐವತ್ತು ದಾಟಿದ ವಯಸ್ಸಿನಲ್ಲಿ 'ಜ್ಞ' ಅಕ್ಷರವನ್ನು ಹೊಸದಾಗಿ ನೋಡುವ ಸಂತೋಷ ನನ್ನದಾಯಿತು. ಈಗ ಅವನ ಸಂಪುಟದಲ್ಲಿ ಆರು ಪುಟ ಕನ್ನಡವಿದೆ. ಕೆಲಸ ಇನ್ನೂ ಸಿಕ್ಕಿಲ್ಲ.

ಶಾಲೆಯ ಆಡಳಿತದವರಲ್ಲಿಯೂ ದಾನಿಗಳಲ್ಲಿಯೂ ನನ್ನ ಬಿನ್ನಹ ಇಷ್ಟೇ. ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಎರವಲು ಕೊಡುವ ಪದ್ಧತಿ ನಿಲ್ಲಬೇಕು. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಮಕ್ಕಳಿಗೆ ಕಾಗದ, ಕುಂಚ, ಬಣ್ಣಗಳ ವೆಚ್ಚ ದೊರೆಯಬೇಕು. ಕನ್ನಡ ಅಧ್ಯಾಪಕರು ವಾರಕ್ಕೊಮ್ಮೆ ಆ ಕೊಠಡಿಗೆ ಹೋಗಿ ಅಕ್ಷರದ ರೂಪವನ್ನು ಕುರಿತು ಮಾತನಾಡಬೇಕು. ಮುಂದಿನ ವರ್ಷದ ಸ್ಮರಣ ಸಂಚಿಕೆಯ ರಕ್ಷಾಪುಟವನ್ನು ಇಂತಹ ಹಳೆಯ ವಿದ್ಯಾರ್ಥಿಯೊಬ್ಬನಿಂದಲೇ ಮಾಡಿಸಬೇಕು. 'ನಮ್ಮ ಹುಡುಗನೇ ತಾನೆ' ಎಂದು ಪುಕ್ಕಟೆಯಾಗಿ ಮಾಡಿಸಿಕೊಳ್ಳದೆ, ಪೇಟೆಯವನಿಗೆ ಕೊಡುವಷ್ಟೇ ಸಂಭಾವನೆಯನ್ನು ಅವನ ಕೈಗೂ ಕೊಡಬೇಕು.